ಪ್ಯಾರಿಸ್ಸಿನಲ್ಲಿ ಅಕ್ಕ ಹಲ್ಲು ಬಿಟ್ಟದ್ದು

ಪ್ಯಾರಿಸ್ಸಿಗೆ ಹೋಗಿ ಬಂದವರೆಲ್ಲ ಕಬ್ಬಿಣದ ಗೋಪುರದ ಫೋಟೊ ತೋರಿಸುತ್ತಾರೆ. ನನ್ನ ಫೋನಿನಲ್ಲೂ ಒಂದಿದೆ, ಆದರೆ ಅದರಲ್ಲಿ ಗೋಪುರಕ್ಕೆ ಯಾರದೋ ಛತ್ರಿ ಅಡ್ಡ ಬಂದಿದೆ. ಸರಿಯಾಗಿ ಬಂದಿರುವ ಫೋಟೊ ಎಂದರೆ ಕಸದ ಚೀಲದ್ದು. ಮೂರು ಕಪ್ಪು ಪ್ಲಾಸ್ಟಿಕ್ ಚೀಲ, ಪಕ್ಕದಲ್ಲಿ ರಬ್ಬರ್ ಗ್ಲೌಸು ಹಾಕಿಕೊಂಡು ನಗುತ್ತಿರುವ ಒಬ್ಬ ಹುಡುಗಿ, ಅವಳ ಹಿಂದೆ ಬಾಯಿಗೆ ಶಾಲು ಮುಚ್ಚಿಕೊಂಡು ನಿಂತ ನನ್ನ ಅಕ್ಕ. ಇದೇನು ಅಂತ ಕೇಳಿದವರಿಗೆ ಇಷ್ಟು ದಿನ ಹೇಳುವ ಹಾಗಿರಲಿಲ್ಲ. ಈಗ ಅಕ್ಕನಿಂದ ಅರ್ಧ ಅನುಮತಿ ಸಿಕ್ಕಿದೆ. ಆ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎನ್.ಆರ್. ಕಾಲೋನಿ, ಹೊರಡುವ ಮುಂಚೆ

ನಾನು ನಾಗರತ್ನ, ಮನೆಯವರಿಗೆ ನಾಗು. ಅರವತ್ತು ತುಂಬಿದೆ, ಮನೆ ಎನ್.ಆರ್. ಕಾಲೋನಿಯಲ್ಲಿ. ಗಂಡನ ಜೊತೆ ಮಾಮೂಲ್‌ಪೇಟೆಯಲ್ಲಿ ಲೇಸು, ರಿಬ್ಬನ್ನು, ಗುಂಡಿಗಳ ಅಂಗಡಿ ನೋಡಿಕೊಳ್ಳುತ್ತೇನೆ. ಅಕ್ಕ ವಿಶಾಲಾಕ್ಷಿ ನನಗಿಂತ ಏಳು ವರ್ಷ ದೊಡ್ಡವಳು. ಬಸವನಗುಡಿಯ ಹುಡುಗಿಯರ ಶಾಲೆಯೊಂದರಲ್ಲಿ ಕನ್ನಡ ಕಲಿಸಿ, ಹೆಡ್‌ಮಿಸ್ ಆಗಿ ರಿಟೈರ್ ಆದವಳು. ಮದುವೆ ಬೇಡವೆಂದಳು, ಮಾಡಿಕೊಳ್ಳಲಿಲ್ಲ. ಗಾಂಧಿಬಜಾರಿನಲ್ಲಿ ಸೊಪ್ಪು ಕೊಳ್ಳಲು ನಿಂತರೆ ಐವತ್ತು ದಾಟಿದ ಹೆಂಗಸರು ಸ್ಕೂಟರ್ ನಿಲ್ಲಿಸಿ "ನಮಸ್ತೆ ಮಿಸ್" ಎನ್ನುತ್ತಾರೆ, ಎಂದುಬಿಟ್ಟು ತಮಗೇ ತಿಳಿಯದೆ ಸೆರಗು ಸರಿಮಾಡಿಕೊಳ್ಳುತ್ತಾರೆ.

ಈ ಅಕ್ಕನ ಜೊತೆ ನನಗೊಂದು ಹಳೆಯ ಲೆಕ್ಕ ಬಾಕಿಯಿತ್ತು. ಅದನ್ನು ಹೇಳದೆ ಪ್ಯಾರಿಸ್ಸಿಗೆ ಹೋದರೆ ನಿಮಗೆ ಏನೂ ಅರ್ಥವಾಗುವುದಿಲ್ಲ.

ನಾವು ಚಿಕ್ಕವರಿದ್ದಾಗ ಕ-ಭಾಷೆ ಆಡುತ್ತಿದ್ದೆವು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆಲ್ಲ ಅದು ಬರುತ್ತಿತ್ತು. ಪ್ರತಿ ಅಕ್ಷರಕ್ಕೂ ಮುಂಚೆ ಒಂದು 'ಕ' ಸೇರಿಸಿದರೆ ಮುಗಿಯಿತು. 'ನಾನು' ಎನ್ನಲು 'ಕನಾಕನು', 'ಬಾ' ಎನ್ನಲು 'ಕಬಾ'. ಎಲ್ಲರಿಗೂ ಗೊತ್ತಿದ್ದರೆ ಗುಟ್ಟು ಹೇಗೆ ಅಂತೀರಾ? ಗುಟ್ಟಿದ್ದದ್ದು ವೇಗದಲ್ಲಿ. ಅಕ್ಕ ಮತ್ತು ನಾನು ಅದನ್ನು ಎಷ್ಟು ಜೋರಾಗಿ ಓಡಿಸುತ್ತಿದ್ದೆವೆಂದರೆ ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ನಮ್ಮ ಬಾಯಿ ನೋಡುತ್ತಿದ್ದಳು. "ಕೋಳಿಗಳ ಹಾಗೆ ಏನ್ರೇ ಅದು ಕಕಕ ಅಂತ" ಎಂದು ಬೈಯುತ್ತಿದ್ದಳು. ಏಳು ವರ್ಷ ದೊಡ್ಡವಳಾದ ಅಕ್ಕ ನನ್ನನ್ನು ಸಮಕ್ಕೆ ಸಮ ಎಂದು ಮಾತಾಡಿಸುತ್ತಿದ್ದದ್ದು ಆ ಭಾಷೆಯಲ್ಲಿ ಮಾತ್ರ. ಕನ್ನಡದಲ್ಲಿ ನಾನು ಅವಳಿಗೆ ಚಿಲ್ಟು.

ಅಕ್ಕ ಹದಿನೆಂಟಕ್ಕೆ ಬಂದಾಗ ದಿನಾ ಸಾಯಂಕಾಲ ಟೈಪಿಂಗ್ ಕ್ಲಾಸಿಗೆ ಹೋಗುತ್ತೇನೆಂದು ಹೋಗುತ್ತಿದ್ದಳು. ಹೋಗುತ್ತಿದ್ದದ್ದು ಚಾಮರಾಜಪೇಟೆಯ ಒಂದು ಹಾಲಿಗೆ, ನಾಟಕದ ರಿಹರ್ಸಲ್ಲಿಗೆ. ಅವಳಿಗೆ ದೊಡ್ಡ ಪಾತ್ರ ಸಿಕ್ಕಿತ್ತು. ಇದನ್ನು ನನಗೆ ಅಮ್ಮನ ಎದುರಿಗೇ, ಕ-ಭಾಷೆಯಲ್ಲಿ, ಸಂತೋಷ ತಡೆಯಲಾರದೆ ಹೇಳಿದಳು. ಅವಳು ಅತ್ತ ಹೋದ ಮೇಲೆ ಅಮ್ಮ ಕೇಳಿದಳು, ಏನಂದಳು ಅಂತ. ಹನ್ನೊಂದು ವರ್ಷದ ನಾನು ಅಕ್ಷರ ಬಿಡದೆ ಅನುವಾದ ಮಾಡಿ ಹೇಳಿದೆ. ಅಮ್ಮ ಹೆದರಿಸಿರಲಿಲ್ಲ, ತಿಂಡಿಯ ಆಸೆ ತೋರಿಸಿರಲಿಲ್ಲ. ನನಗೆ ಅಷ್ಟು ಕಷ್ಟದ ಭಾಷೆ ಬರುತ್ತದೆ ಅಂತ ತೋರಿಸಬೇಕಿತ್ತು, ಅಷ್ಟೇ. ಅಮ್ಮ ತಲೆ ಸವರಿ ಜಾಣೆ ಎಂದಳು.

ಆವತ್ತೇ ಅಪ್ಪ ಚಾಮರಾಜಪೇಟೆಗೆ ಹೋಗಿ ಹಾಲಿನ ಬಾಗಿಲಲ್ಲಿ ಸುಮ್ಮನೆ ನಿಂತರಂತೆ. ಬೈಯಲಿಲ್ಲ. ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬಂದಳು. ಪಾತ್ರ ಬೇರೆ ಯಾರಿಗೋ ಹೋಯಿತು. ಮರುದಿನ ಬೆಳಿಗ್ಗೆ ನನಗೆ ಜಡೆ ಹಾಕುತ್ತಿದ್ದಾಗ ನಾನು ಮೆಲ್ಲಗೆ ಕೇಳಿದೆ: "ಕಕೋಕಪಾಕನಾ?" ಅಂದರೆ, ಕೋಪಾನಾ?

ಅಕ್ಕ ಶುದ್ಧ ಕನ್ನಡದಲ್ಲಿ, "ತಲೆ ಅಲ್ಲಾಡಿಸ್ಬೇಡ" ಎಂದಳು.

ಅಲ್ಲಿಂದ ಈಚೆಗೆ ನಲವತ್ತೊಂಬತ್ತು ವರ್ಷ ಅಕ್ಕ ನನ್ನ ಜೊತೆ ಕ-ಭಾಷೆ ಆಡಲಿಲ್ಲ. ಉಳಿದದ್ದಕ್ಕೆ ಏನೂ ಕಮ್ಮಿ ಮಾಡಲಿಲ್ಲ. ನನ್ನ ಬಾಣಂತನಕ್ಕೆ ರಜೆ ಹಾಕಿ ಬಂದಳು, ಹಬ್ಬಕ್ಕೆ ಸೀರೆ ತಂದಳು, ಜ್ವರ ಬಂದರೆ ಗಂಜಿ ತಂದಳು. ಆದರೆ ಒಂದೇ ಒಂದು ಮನಸ್ಸಿನ ಮಾತನ್ನು ನನ್ನ ಮುಂದೆ ಆಡಲಿಲ್ಲ. ನನಗೆ ಅದು ದಿನಾ ಚುಚ್ಚುತ್ತಿತ್ತು. ಒಂದೆರಡು ಸಲ ಕ-ಭಾಷೆಯಲ್ಲಿ ಶುರುಮಾಡಿ ನೋಡಿದ್ದೆ. ಕೇಳಿಸದ ಹಾಗೆ ಎದ್ದು ಹೋಗುತ್ತಿದ್ದಳು.

ಈ ವರ್ಷ ಒಂದು ದಿನ ತಾನಾಗಿಯೇ ಬಂದು, "ನಾಗು, ಎಲ್ಲಾದ್ರೂ ಹೋಗೋಣ. ಯಾರೂ ನನ್ನನ್ನ ಮಿಸ್ ಅಂತ ಕರೀಬಾರ್ದು, ಅಂಥ ಊರಿಗೆ" ಎಂದಳು. ನಾನು ಮಾರನೆಯ ದಿನವೇ ಗುಂಪು ಪ್ರವಾಸದಲ್ಲಿ ಎರಡು ಸೀಟು ಹಿಡಿದೆ.

ಮೊದಲ ದಿನ, ಬಸ್ಸು

ವಿಮಾನ ನಿಲ್ದಾಣದಲ್ಲಿ ನಮ್ಮ ಗುಂಪನ್ನು ಹುಡುಕಿಕೊಂಡು ಹೋದರೆ ಮೊದಲು ಕೇಳಿಸಿದ ಮಾತೇ "ಮಿಸ್, ನೀವೂನಾ!" ರಾಜೇಶ್ವರಿ. ಅಕ್ಕನ ಹಳೆಯ ವಿದ್ಯಾರ್ಥಿನಿ, ಈಗ ಮಲ್ಲೇಶ್ವರದಲ್ಲಿರುವ ಗೃಹಿಣಿ, ಐವತ್ತೈದರ ಆಸುಪಾಸು. ಒಳ್ಳೆಯ ಹೆಂಗಸು, ಆದರೆ ಪಕ್ಕದವರ ಡಬ್ಬಿಯಲ್ಲಿ ಏನಿದೆ ಎಂದು ತಿಳಿಯದೆ ತನ್ನ ಡಬ್ಬಿ ತೆಗೆಯುವವಳಲ್ಲ. ಪ್ಯಾರಿಸ್ ತಲುಪುವಷ್ಟರಲ್ಲಿ ಗುಂಪಿನ ಇಪ್ಪತ್ತನಾಲ್ಕು ಜನರೂ ಅಕ್ಕನನ್ನು ಮಿಸ್ ಎಂದೇ ಕರೆಯುತ್ತಿದ್ದರು. ಟೂರ್ ಮ್ಯಾನೇಜರ್ ಗೋಪಿನಾಥ್ ಕೂಡ. ಅವರಿಗೂ ಅರವತ್ತರ ಹತ್ತಿರ.

ಪ್ಯಾರಿಸ್ಸಿನಲ್ಲಿ ನನಗೆ ಮೊದಲು ಕಂಡದ್ದು ಬ್ರೆಡ್ಡು. ಮಾರುದ್ದದ ಬ್ರೆಡ್ಡನ್ನು ಜನ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಾರೆ, ಮೇಲೊಂದು ಹೊದಿಕೆಯೂ ಇಲ್ಲ. ನಮ್ಮಲ್ಲಿ ಅಗರಬತ್ತಿಯನ್ನೂ ಹಾಗೆ ಹಿಡಿದುಕೊಂಡು ಹೋಗುವುದಿಲ್ಲ. ಇನ್ನೊಂದು ಅವರ ನಮಸ್ಕಾರ. ಅಂಗಡಿಗೆ ಕಾಲಿಟ್ಟ ಕೂಡಲೇ ಗಿರಾಕಿಯೇ ಮೊದಲು 'ಬೋಂಜೂರ್' ಎನ್ನಬೇಕು. ಹೇಳದೆ ನೇರವಾಗಿ ನೀರಿನ ಬಾಟಲಿ ಕೇಳಿದ್ದಕ್ಕೆ ಒಬ್ಬಾಕೆ ನನ್ನನ್ನು ಹಾಗೇ ನೋಡುತ್ತ ನಿಂತಳು, ಬಾಟಲಿ ಕೊಡಲಿಲ್ಲ. ಮಾಮೂಲ್‌ಪೇಟೆಯಲ್ಲಿ ಗಿರಾಕಿ ನಮಸ್ಕಾರ ಹೇಳಲಿ ಎಂದು ಕಾದರೆ ನಾವು ಅಂಗಡಿ ಮುಚ್ಚಬೇಕಾಗುತ್ತದೆ. ಆದರೂ ಸಂಜೆಯ ಹೊತ್ತಿಗೆ ನಾನು ಲಿಫ್ಟಿಗೂ ಬೋಂಜೂರ್ ಎನ್ನುತ್ತಿದ್ದೆ.

ಪರದೇಶದಲ್ಲಿ ಕನ್ನಡವೇ ಒಂದು ಗುಟ್ಟಿನ ಭಾಷೆ ಅಂತ ನಮ್ಮ ಗುಂಪಿಗೆ ಬೇಗನೆ ಹೊಳೆಯಿತು. ದಾರಿಯಲ್ಲಿ ಹೋಗುವವರ ಟೋಪಿ, ನಾಯಿ, ಮುತ್ತು ಎಲ್ಲದರ ಬಗ್ಗೆಯೂ ನಿರ್ಭಯವಾಗಿ ವಿಮರ್ಶೆ ನಡೆಯಿತು. ಆದರೆ ಬಸ್ಸು ಹತ್ತಿದ ಕೂಡಲೇ ಆ ಸುಖ ಮುಗಿಯುತ್ತಿತ್ತು. ಬಸ್ಸಿನ ಒಳಗೆ ಎಲ್ಲರೂ ಕನ್ನಡದವರೇ. ಮುಂದಿನ ಸೀಟಿನಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಕೇಳಿದರೆ ಹಿಂದಿನ ಸೀಟಿನಿಂದ ಜೀರಿಗೆ ಕಷಾಯದ ಸಲಹೆ ಬರುತ್ತಿತ್ತು.

ರಾಜೇಶ್ವರಿಯ ಒತ್ತಾಯಕ್ಕೆ ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಬಸ್ಸಿನ ಮೈಕಿನಲ್ಲಿ ಐದು ನಿಮಿಷ ಮಾತಾಡಿದಳು. ಹಳಗನ್ನಡದ 'ಪ' ಹೇಗೆ 'ಹ' ಆಯಿತು ಅಂತ. ಪಾಲ್ ಹಾಲಾಯಿತು, ಪೂ ಹೂವಾಯಿತು, ಪಲ್ ಹಲ್ಲಾಯಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಾಳೆ ದಂತ್ಯಾಕ್ಷರಗಳ ಬಗ್ಗೆ ಹೇಳುತ್ತೇನೆ, ತ ಥ ದ ಧ ನ, ಇವು ಹಲ್ಲಿನ ಸಹಾಯವಿಲ್ಲದೆ ಹುಟ್ಟುವುದಿಲ್ಲ ಎಂದಳು. ಆ ಮಾತು ಮಾರನೆಯ ದಿನ ಅವಳ ಮೇಲೇ ಬಂತು.

ಎರಡನೆಯ ದಿನ, ಹಿಂದಿನಿಂದ ಮೂರನೆಯ ಸೀಟು

ಮರುದಿನ ಊಟ ಲಾ ಶಾಪೆಲ್ ಎಂಬ ಕಡೆ. ಅಲ್ಲಿ ಬೀದಿ ತುಂಬ ಶ್ರೀಲಂಕಾದ ತಮಿಳರ ಅಂಗಡಿಗಳು. ನುಗ್ಗೆಕಾಯಿ, ಕರಿಬೇವು, ಚಿನ್ನದ ಸರ ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ. ಸಾಂಬಾರಿನ ವಾಸನೆಗೆ ನಮ್ಮ ಗುಂಪಿನ ಕೆಲವರಿಗೆ ಕಣ್ಣಲ್ಲಿ ನೀರು ಬಂತು. ಹೊಟ್ಟೆ ತುಂಬ ಉಂಡು, ಬಸ್ಸು ಹತ್ತಿ, ಎಲ್ಲರೂ ಹಲ್ಲು ಬಿಡುತ್ತ ಕೂತಿದ್ದರು. ಅಕ್ಕ ಮಾತ್ರ ಶಾಲನ್ನು ಮೂಗಿನವರೆಗೆ ಎಳೆದುಕೊಂಡು ಕಿಟಕಿ ಕಡೆ ತಿರುಗಿದ್ದಳು. ಚಳಿ ಇರಬೇಕು ಅಂದುಕೊಂಡೆ.

ಮುಂದಿನಿಂದ ಗೋಪಿನಾಥ್ ಮೈಕಿನಲ್ಲಿ, ಈಗ ಮಿಸ್ ದಂತ್ಯಾಕ್ಷರಗಳ ಬಗ್ಗೆ ಮಾತಾಡುತ್ತಾರೆ ಎಂದು ಸಾರಿ, ಮೈಕನ್ನು ಹಿಂದಕ್ಕೆ ದಾಟಿಸಲು ಕೊಟ್ಟರು. ಅದು ಒಂದೊಂದೇ ಸೀಟು ದಾಟಿಕೊಂಡು ಬರತೊಡಗಿತು. ಅಡ್ಡ ಸಾಲಿನಿಂದ ರಾಜೇಶ್ವರಿ ಆಗಲೇ ನಮ್ಮ ಕಡೆ ಬಗ್ಗಿದ್ದಳು. ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಉಗುರು ನಾಟುವಷ್ಟು ಗಟ್ಟಿಯಾಗಿ. ಶಾಲಿನೊಳಗಿಂದ ಹೇಳಿದಳು:

"ಕಹಕಯ್ಯು ಕಬಿಕಟ್ಟೆ."

ನನಗೆ ಮೊದಲು ಕೇಳಿಸಿದ್ದು ಮಾತಲ್ಲ, ಆ ಕಕಕ. ನಲವತ್ತೊಂಬತ್ತು ವರ್ಷ. ಅರ್ಥ ಆಮೇಲೆ ಬಂತು, ಅದೂ ತುಂಡು ತುಂಡಾಗಿ. 'ಕ' ತೆಗೆದರೆ 'ಹಯ್ಯು ಬಿಟ್ಟೆ'. ಹಯ್ಯು ಎಂದರೇನು? ಅಕ್ಕ ಕಣ್ಣಿನಿಂದಲೇ ನನ್ನನ್ನು ಬೈದು, ಶಾಲನ್ನು ಅರೆಕ್ಷಣ ಇಳಿಸಿ ತೋರಿಸಿದಳು. ಮೇಲಿನ ಸಾಲು ಪೂರ್ತಿ ಖಾಲಿ. ಕಟ್ಟಿಸಿದ ಹಲ್ಲಿನ ಸೆಟ್ಟು ಊಟ ಮಾಡಿದ ಹೋಟೆಲಿನಲ್ಲಿ ಉಳಿದಿತ್ತು. ಅವಳಿಗೆ ಕಟ್ಟಿಸಿದ ಹಲ್ಲು ಅಂತ ನನಗೆ ಮತ್ತು ಡೆಂಟಿಸ್ಟಿಗೆ ಬಿಟ್ಟರೆ ಪ್ರಪಂಚದಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಎಲ್ಲರೂ ಹಲ್ಲು ಬಿಡುತ್ತಿದ್ದರು, ನಿಜವಾಗಿ ಬಿಟ್ಟವಳು ನಮ್ಮಕ್ಕ ಒಬ್ಬಳೇ.

'ಕ' ಕಂಠ್ಯ, ಗಂಟಲಿನಲ್ಲಿ ಹುಟ್ಟುತ್ತದೆ, ಅದಕ್ಕೆ ಹಲ್ಲು ಬೇಡ. 'ಬಿಟ್ಟೆ'ಗೂ ತೊಂದರೆಯಿಲ್ಲ. ಕೈಕೊಟ್ಟದ್ದು 'ಲ್ಲು'. ಹಲ್ಲು ಎನ್ನಲು ಹಲ್ಲೇ ಬೇಕು. ಈ ವ್ಯಾಕರಣವನ್ನೆಲ್ಲ ಅವಳೇ ಆಮೇಲೆ ವಿವರಿಸಿದಳು.

ಒಂದು ಚೀಟಿ ಬರೆದು ತೋರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಎಷ್ಟೋ ದಿನದ ಮೇಲೆ ಕೇಳಿದೆ. "ಬಾಯಿಗೆ ಅದೇ ಬಂತು" ಎಂದಳು.

ಮೈಕು ಇನ್ನೆರಡು ಸೀಟಿನಷ್ಟು ದೂರದಲ್ಲಿತ್ತು. ನಾನು ಎದ್ದು ನಿಂತು, ನನ್ನ ಬಿಪಿ ಮಾತ್ರೆಯ ಡಬ್ಬಿ ಹೋಟೆಲಿನಲ್ಲೇ ಮರೆತೆ, ಬಸ್ಸು ತಿರುಗಿಸಿ ಎಂದು ಕೂಗಿದೆ. ನನಗೆ ಬಿಪಿ ಇಲ್ಲ. ಗೋಪಿನಾಥ್ ತಲೆ ಹಿಡಿದುಕೊಂಡರು. ಅದು ಒಂದೇ ಕಡೆಗೆ ಹೋಗುವ ರಸ್ತೆ, ತಿರುಗಿಸಿದರೆ ಸಂಜೆಯ ದೋಣಿ ತಪ್ಪುತ್ತದೆ ಎಂದರು. ಹಾಗಿದ್ದರೆ ನಾನೂ ಅಕ್ಕನೂ ಇಲ್ಲೇ ಇಳಿದು ರೈಲಿನಲ್ಲಿ ಹೋಗಿ, ಐದು ಗಂಟೆಗೆ ದೋಣಿಯ ಹತ್ತಿರ ಬಂದುಬಿಡುತ್ತೇವೆ ಎಂದೆ. ಮಿಸ್ ಯಾಕೆ, ಅವರು ಕೂತಿರಲಿ ಎಂದಳು ರಾಜೇಶ್ವರಿ. ನಂಗೆ ತಲೆ ಸುತ್ತಿದರೆ ಹಿಡಿಯುವವರು ಬೇಕಲ್ಲ ಎಂದೆ. ಇಳಿಯುವಾಗ ಹಿಂದಿನಿಂದ ಯಾರೋ, ಈ ನಾಗಮ್ಮನಿಗೆ ಬಾಯಿ ಇರುವಷ್ಟು ಜ್ಞಾಪಕಶಕ್ತಿ ಇಲ್ಲ ಎಂದು ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಕೇಳಿಸಿಕೊಂಡು ಇಳಿದೆ.

ನೆಲದಡಿಯ ರೈಲು

ಪ್ಯಾರಿಸ್ಸಿನ ಮೆಟ್ರೊದಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತು, ಎದುರಿನವರ ಕಿವಿಯ ಪಕ್ಕದ ಗಾಳಿಯನ್ನು ನೋಡುತ್ತಿರುತ್ತಾರೆ. ಹಲ್ಲಿಲ್ಲದ ಹೆಡ್‌ಮಿಸ್ಸಿಗೆ ಇದಕ್ಕಿಂತ ಒಳ್ಳೆಯ ಊರು ಸಿಕ್ಕುವುದಿಲ್ಲ. ನಮ್ಮ ಮೆಟ್ರೊ ಆಗಿದ್ದರೆ ಇಷ್ಟು ಹೊತ್ತಿಗೆ ಒಬ್ಬರು ಲವಂಗ ಕೊಟ್ಟು, ಇನ್ನೊಬ್ಬರು ಜಯನಗರದ ಡೆಂಟಿಸ್ಟಿನ ನಂಬರ್ ಕೊಟ್ಟಿರುತ್ತಿದ್ದರು.

ಆ ಬೋಗಿಯಲ್ಲಿ ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ. ನಾವು ಧಾರಾಳವಾಗಿ ಕನ್ನಡದಲ್ಲೇ ಮಾತಾಡಬಹುದಿತ್ತು. ಆದರೆ ಅಕ್ಕ ಕ-ಭಾಷೆ ಬಿಡಲಿಲ್ಲ. ಹಲ್ಲಿನ ಕೆಳಗೆ ಕಡಲೆಬೀಜದ ಚೂರು ಸಿಕ್ಕಿಕೊಂಡಿತ್ತಂತೆ. ಸೆಟ್ಟು ತೆಗೆದು, ಪೇಪರ್ ನ್ಯಾಪ್ಕಿನ್ನಿನಲ್ಲಿ ಸುತ್ತಿ ತಟ್ಟೆಯ ಪಕ್ಕ ಇಟ್ಟು, ಕೈ ತೊಳೆಯಲು ಹೋದಾಗ ರಾಜೇಶ್ವರಿ ಬಂದು ಮಿಸ್ ಬನ್ನಿ, ಬಸ್ಸು ಬಂತು ಎಂದು ಎಳೆದುಕೊಂಡು ಹೋದಳಂತೆ. ಇಷ್ಟನ್ನೂ ಕ ಹಾಕಿ, ತ ದ ನ ಲ ಎಲ್ಲವನ್ನೂ ನುಂಗಿ ಹೇಳಿದಳು. ಒಂದು ಬೀಗದ ಮೇಲೆ ಇನ್ನೊಂದು ಬೀಗ. ಆದರೂ ನನಗೆ ಒಂದಕ್ಷರ ತಪ್ಪಲಿಲ್ಲ. ನಾನು ತಿರುಗಿ ಮಾತಾಡಿದರೆ ನನ್ನ ನಾಲಿಗೆಯೂ ಹನ್ನೊಂದು ವರ್ಷದ ಹಾಗೆ ಓಡಿತು. ಖುಷಿಗೆ ನಾವು ಇಳಿಯಬೇಕಾದ ಸ್ಟೇಷನ್ ದಾಟಿಹೋಯಿತು. ವಾಪಸ್ ಬರುವ ರೈಲು ಹತ್ತುವಾಗ ಅಕ್ಕ ನಕ್ಕಳು, ನಕ್ಕವಳೇ ಶಾಲು ಮೇಲೆಳೆದುಕೊಂಡಳು.

ಅಷ್ಟರಲ್ಲೇ ನನಗೊಂದು ಕೆಟ್ಟ ಯೋಚನೆ ಬಂತು. ಹಲ್ಲು ಸಿಕ್ಕಿದರೆ ಈ ಭಾಷೆ ಮತ್ತೆ ಹೋಗುತ್ತದೆ. ಹಲ್ಲು ಸಿಗದಿದ್ದರೂ ಚಿಂತೆಯಿಲ್ಲ ಎನ್ನಿಸಿತು. ದೇವರೇ, ಎಂಥ ತಂಗಿ ನಾನು!

ಲಾ ಶಾಪೆಲ್

ಹೋಟೆಲಿನ ಟೇಬಲ್ಲು ಫಳಫಳ ಹೊಳೆಯುತ್ತಿತ್ತು. ತಟ್ಟೆ ಇಲ್ಲ, ನ್ಯಾಪ್ಕಿನ್ ಇಲ್ಲ. ಗಲ್ಲಾದಲ್ಲಿ ಯಜಮಾನರು, ಹಣೆಯಲ್ಲಿ ವಿಭೂತಿ. ಬಡಿಸುತ್ತಿದ್ದವಳು ಅವರ ಮಗಳು ದರ್ಶಿನಿ, ಇಪ್ಪತ್ತರ ಹುಡುಗಿ, ಅಲ್ಲೇ ಹುಟ್ಟಿ ಬೆಳೆದವಳು. ನನಗೆ ಫ್ರೆಂಚ್ ಎಂದರೆ ಬೋಂಜೂರ್ ಒಂದೇ. ಅದನ್ನು ಮೊದಲು ಹೇಳಿ, ಆಮೇಲೆ ಚಿಕ್ಕಂದಿನ ವಠಾರದಲ್ಲಿ ಕಲಿತ ತಮಿಳು ತೆಗೆದೆ. ನನ್ನ ತಮಿಳು ಕೇಳಿ ಹುಡುಗಿಯ ಹುಬ್ಬು ಮೇಲೆ ಹೋಯಿತು. ಅವಳ ತಮಿಳು ಕೇಳಿ ನನ್ನದೂ ಹೋಯಿತು. ಆದರೆ ಹಲ್ಲಿಗೆ ಎರಡರಲ್ಲೂ 'ಪಲ್ಲು' ಅಂತಲೇ. ಅಕ್ಕ ಶಾಲಿನೊಳಗಿಂದ, ನಿನ್ನೆಯ ಪಾಠ ನೆನಪಿದೆಯಾ ಎನ್ನುವ ಹಾಗೆ ನನ್ನನ್ನು ನೋಡಿದಳು.

ಹೋಟೆಲು ತುಂಬಿತ್ತು. ಹಲ್ಲು ಎಂಬ ಮಾತು ಊಟ ಮಾಡುತ್ತಿರುವವರ ಕಿವಿಗೆ ಬಿದ್ದರೆ ಅವರು ಏಳುತ್ತಾರೆ, ವ್ಯಾಪಾರ ಮಲಗುತ್ತದೆ. ಹುಡುಗಿ ಜಾಣೆ. ಒಳಗಿದ್ದ ತನ್ನ ಚಿಕ್ಕಪ್ಪನ ಮಗಳಿಗೆ ಫ್ರೆಂಚಿನಂತೆ ಕೇಳಿಸುವ ಏನನ್ನೋ ಕೂಗಿ ಹೇಳಿದಳು. ಊಟ ಮಾಡುತ್ತಿದ್ದ ನಡುವಯಸ್ಸಿನವರು ಯಾರೂ ತಲೆ ಎತ್ತಲಿಲ್ಲ. ಗಲ್ಲಾದಲ್ಲಿದ್ದ ಅಪ್ಪನೂ ಎತ್ತಲಿಲ್ಲ. ಒಳಗಿನಿಂದ ಮಾತ್ರ ಒಂದು ದೊಡ್ಡ ನಗು ಕೇಳಿಸಿತು.

ಅದೇನು ಭಾಷೆ ಎಂದು ಕೇಳಿದೆ. ಹುಡುಗಿ ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಗ್ಲೌಸು ಹಾಕಿಕೊಂಡು ಚೀಲದ ಬಾಯಿ ಬಿಚ್ಚುತ್ತ ಹೇಳಿದಳು. ಇಲ್ಲಿನ ಹುಡುಗರು ಪದವನ್ನು ತಿರುಗಿಸುತ್ತಾರಂತೆ. ಥ್ಯಾಂಕ್ಸ್ ಎನ್ನಲು ದೊಡ್ಡವರು 'ಮೆರ್ಸಿ' ಎಂದರೆ ಇವರು 'ಸಿಮೆರ್'. ಅಪ್ಪನಿಗೆ ಫ್ರೆಂಚ್ ಬರುತ್ತದೆ, ಅದಕ್ಕೇ ಇದು. ದೊಡ್ಡವರು ಕಲಿತುಬಿಟ್ಟರೆ? ತಿರುಗಿಸಿದ್ದನ್ನೇ ಇನ್ನೊಂದು ಸಲ ತಿರುಗಿಸುತ್ತಾರಂತೆ. ಅಪ್ಪನೂ ಕಮ್ಮಿಯಿಲ್ಲ, ತನ್ನ ಸ್ನೇಹಿತರ ಜೊತೆ ಊರಿನ ಹಳೆಯ ತಮಿಳಿನಲ್ಲಿ ಮಾತಾಡಿ ಮಕ್ಕಳಿಗೆ ತಿಳಿಯದ ಹಾಗೆ ಮಾಡುತ್ತಾನೆ ಎಂದು ದೂರಿದಳು.

ನಾನು ಕಸದ ಚೀಲದ ಮುಂದೆ ನಿಂತೇ ನಗತೊಡಗಿದೆ. ಮಾಮೂಲ್‌ಪೇಟೆಯಲ್ಲಿ ನಮ್ಮ ಮಾವನವರ ಕಾಲದಿಂದ ನಡೆದು ಬಂದದ್ದು ಇದೇ. ಗಿರಾಕಿಯ ಎದುರು 'ಹಳೇದು ತೆಗಿ' ಎನ್ನಲಾಗುವುದಿಲ್ಲ, 'ದುಳೇಹ ತೆಗಿ' ಎನ್ನುತ್ತೇವೆ. ಏನೂ ಕೊಳ್ಳದೆ ಹರಟುವವರು ಬಂದರೆ 'ಹಾಚ ಬೇಡ', ಅಂದರೆ ಚಹಾ ತರಿಸಬೇಡ. ಇದನ್ನು ಹೇಳಿದರೆ ದರ್ಶಿನಿ ಕಸದ ಚೀಲ ಬಿಟ್ಟು ಕೈ ಮುಂದೆ ಚಾಚಿದಳು, ಕುಲುಕಲು. ಗ್ಲೌಸು ನೋಡಿ ನಾನು ಕೈ ಮುಗಿದೆ.

ಮೊದಲ ಚೀಲದಲ್ಲಿ ಪರೋಟ, ಎರಡನೆಯದರಲ್ಲಿ ಮುದುರಿದ ನ್ಯಾಪ್ಕಿನ್ನುಗಳ ರಾಶಿ, ಅದರಲ್ಲಿ ಯಾರದೋ ಕಿವಿಯ ಓಲೆ. ಮೂರನೆಯದರ ತಳದಲ್ಲಿ, ಹಪ್ಪಳದ ಚೂರುಗಳ ನಡುವೆ, ಅಕ್ಕನ ಹಲ್ಲುಗಳು ನಮ್ಮನ್ನು ನೋಡಿ ನಗುತ್ತಿದ್ದವು. ಫೋಟೊ ತೆಗೆದದ್ದು ಆಗ. ಮೂರು ಸಲ ಬಿಸಿನೀರು, ಎರಡು ಸಲ ಉಪ್ಪು, ಒಂದು ಸಲ ದರ್ಶಿನಿಯ ಟೂತ್‌ಪೇಸ್ಟು. ಅಕ್ಕ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿಂದ ಪರೀಕ್ಷೆ ಕೇಳಿಸಿತು: "ತ, ಥ, ದ, ಧ, ನ. ಲಲಿತಾ. ದಂತ."

ಹೊರಗೆ ಬಂದ ಅಕ್ಕ ಹೆಡ್‌ಮಿಸ್ ಆಗಿದ್ದಳು. ಬೆನ್ನು ನೆಟ್ಟಗೆ, ಶಾಲು ಹೆಗಲ ಮೇಲೆ. ದರ್ಶಿನಿಯ ತಲೆಯ ಮೇಲೆ ಕೈಯಿಟ್ಟು 'ಸಿಮೆರ್' ಎಂದಳು. ಹುಡುಗಿ ನಕ್ಕು ನಕ್ಕು ಗೋಡೆ ಹಿಡಿದಳು. ಆಮೇಲೆ ಅಕ್ಕ ನನ್ನ ಕಡೆ ತಿರುಗಿದಳು. ನಾನು ಕಿವಿಯಾಗಿ ನಿಂತಿದ್ದೆ.

"ನಡಿ, ಹೊತ್ತಾಯ್ತು" ಎಂದಳು. ಕನ್ನಡದಲ್ಲಿ.

ವಾಪಸ್ ರೈಲಿನಲ್ಲಿ ನಾನೂ ಎದುರಿನವರ ಕಿವಿಯ ಪಕ್ಕದ ಗಾಳಿ ನೋಡುತ್ತ ಕೂತೆ. ಅಳು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಸೇನ್ ನದಿ, ದೋಣಿ

ದೋಣಿ ಹೊರಡುವುದಕ್ಕೆ ಹತ್ತು ನಿಮಿಷ ಇರುವಾಗ ತಲುಪಿದೆವು. ಅಕ್ಕ ಮುಂದಿನ ಸಾಲಿನಲ್ಲಿ ಕಿಟಕಿ ಪಕ್ಕ ಕೂತಳು. ನನ್ನನ್ನು ರಾಜೇಶ್ವರಿ ಕೈ ಹಿಡಿದು ಹಿಂದಿನ ಸಾಲಿನಲ್ಲಿ ತನ್ನ ಪಕ್ಕ ಕೂರಿಸಿಕೊಂಡಳು. ಮಾತ್ರೆ ಸಿಕ್ಕಿತಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಕ್ಕುಲಿಯ ಡಬ್ಬಿ ತೆಗೆದಳು. ಅದು ಬೇರೆಯವರಿಗೆ ಕಾಣಿಸುವ ಡಬ್ಬಿಯಲ್ಲ, ಸೂಟ್‌ಕೇಸಿನ ತಳದಲ್ಲಿರುವುದು.

"ನಾಗಕ್ಕ, ಒಂದ್ ಮಾತು ಕೇಳ್ತೀನಿ. ಬಸ್ಸಲ್ಲಿ ಮಿಸ್ ನಿಮ್ಮ ಹತ್ರ ಕ-ಭಾಷೇಲಿ ಏನೋ ಅಂದ್ರು. ನಂಗೂ ಬರುತ್ತೆ ಅದು, ಶಾಲೇಲಿ ನಾವೂ ಆಡ್ತಿದ್ವಿ. 'ಹ' ಅಂದಿದ್ದು ಗೊತ್ತಾಯ್ತು, 'ಯ್ಯು' ಗೊತ್ತಾಗ್ಲಿಲ್ಲ. ಏನಂದ್ರು?"

ಏನಂದರು. ಅಮ್ಮ ಕೇಳಿದ್ದೂ ಇದೇ ಮಾತು, ಹೆಚ್ಚುಕಡಿಮೆ ಇದೇ ದನಿಯಲ್ಲಿ. ಮುಂದಿನ ಸಾಲಿನಲ್ಲಿ ಅಕ್ಕ ಕಿಟಕಿಯ ಕಡೆ ನೋಡುತ್ತಿದ್ದಳು. ಆದರೆ ಅವಳ ಕತ್ತು ಅಲ್ಲಾಡುತ್ತಿರಲಿಲ್ಲ. ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು. ಸುತ್ತಲಿನ ಇನ್ನೂ ನಾಲ್ಕೈದು ಜನ ಕಿವಿ ಇತ್ತ ತಿರುಗಿಸಿದ್ದರು. ಹೇಳಿದ್ದರೆ ಅವತ್ತು ಆ ದೋಣಿಯಲ್ಲಿ ನನ್ನಷ್ಟು ಸ್ವಾರಸ್ಯದ ಮಾತುಗಾರ್ತಿ ಇನ್ನೊಬ್ಬಳು ಇರುತ್ತಿರಲಿಲ್ಲ. ಕಥೆ ನಾಲಿಗೆಯ ತುದಿಗೇ ಬಂದಿತ್ತು. ಮೂರು ಚೀಲ, ಹಪ್ಪಳದ ನಡುವೆ ನಗುವ ಹಲ್ಲು, ದಂತ್ಯಾಕ್ಷರದ ಪರೀಕ್ಷೆ!

ಚಕ್ಕುಲಿ ತೆಗೆದುಕೊಂಡೆ. ನಿಧಾನವಾಗಿ ತಿಂದೆ. ಚೆನ್ನಾಗಿತ್ತು.

"'ಹಾಯಾಗಿದೆ' ಅಂದ್ಲು" ಎಂದೆ.

ರಾಜೇಶ್ವರಿ ಬೆರಳ ಮೇಲೆ ಕ ಹಾಕಿ ಹಾಕಿ ತಾಳೆ ನೋಡಿದಳು. ಹ ಇದೆ, ಯ ಇದೆ. ಒಂಚೂರು ಅನುಮಾನ ಉಳಿಯಿತು, ಆದರೆ ಮಿಸ್ಸಿಗೆ ಹಾಯಾಗಿದೆ ಎಂಬ ಸಂತೋಷಕ್ಕೆ ಅದನ್ನು ಬಿಟ್ಟಳು. ಪಾಪ, ಎಷ್ಟು ವರ್ಷ ದುಡಿದಿದ್ದಾರೆ, ಈಗಲಾದರೂ ಹಾಯಾಗಿರಲಿ ಎಂದು ಎಲ್ಲರಿಗೂ ಹೇಳಿದಳು. ಎಲ್ಲರೂ ಹೌದು ಹೌದು ಎಂದರು. ಮುಂದಿನ ಸಾಲಿನಲ್ಲಿ ಅಕ್ಕನ ಭುಜ ಕುಲುಕಲು ಶುರುವಾಯಿತು. ಅವಳು ಹಾಗೆ ಸದ್ದಿಲ್ಲದೆ ನಗುವುದನ್ನು ನಾನು ಕೊನೆಯ ಸಲ ನೋಡಿದ್ದು ಲಂಗ ಹಾಕುವ ವಯಸ್ಸಿನಲ್ಲಿ.

ಯಾವುದೋ ಸೇತುವೆ ಬಂತೆಂದು ಗುಂಪಿನವರೆಲ್ಲ ಫೋಟೊಗೆ ಹೊರಗೆ ಓಡಿದರು. ಅಕ್ಕ ತನ್ನ ಪಕ್ಕದ ಸೀಟನ್ನು ಎರಡು ಸಲ ತಟ್ಟಿದಳು. ಹೋಗಿ ಕೂತೆ. ನೀರು ನೋಡುತ್ತಲೇ ಕರೆದಳು:

"ಕನಾಕಗು."

ಹಲ್ಲು ಬಾಯಲ್ಲೇ ಇತ್ತು. ಕೇಳುವವರು ಪಕ್ಕದಲ್ಲಿ ಯಾರೂ ಇರಲಿಲ್ಲ. ಅಗತ್ಯವೇ ಇಲ್ಲದೆ ಕರೆದಳು. ಅವತ್ತು ಜಡೆ ಹಾಕುವಾಗ ಕೇಳಿದ್ದನ್ನೇ ಇವತ್ತೂ ಕೇಳಿದೆ, ಬೇರೆ ಏನೂ ತೋಚಲಿಲ್ಲ.

"ಕಕೋಕಪಾಕನಾ?"

ಅಕ್ಕ ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. ಆಮೇಲೆ, "ಕಇಕತ್ತು" ಎಂದಳು.

ಇತ್ತು. ಆ 'ತ್ತು' ಎಂಬ ದಂತ್ಯ ಸ್ವಚ್ಛವಾಗಿ, ಪಾಠದಲ್ಲಿ ಹೇಳುವ ಹಾಗೆ ಬಂತು. ನಾನು ಅತ್ತೆ. ಅಕ್ಕ ಶಾಲಿನ ತುದಿ ಕೊಟ್ಟಳು. ಅದರಲ್ಲಿ ಇನ್ನೂ ಸಾಂಬಾರಿನ ವಾಸನೆ ಇತ್ತು.

ಅಲ್ಲಿಂದ ನಾಲ್ಕನೆಯ ಸೇತುವೆಯವರೆಗೆ ಅವಳು ಮಾತಾಡಿದಳು. ಚಾಮರಾಜಪೇಟೆಯ ಆ ಹಾಲಿನ ಬಗ್ಗೆ, ಆಮೇಲಿನ ವರ್ಷಗಳ ಬಗ್ಗೆ, ಇನ್ನೂ ಒಂದೆರಡು ವಿಷಯದ ಬಗ್ಗೆ. ಕ-ಭಾಷೆಯಲ್ಲಿ, ಹಳೆಯ ವೇಗದಲ್ಲಿ. ನಾನು ಒಂದಕ್ಷರವನ್ನೂ ಕಳೆದುಕೊಳ್ಳಲಿಲ್ಲ. ಬಲಗಡೆ ದೊಡ್ಡ ಚರ್ಚೊಂದು ಹೋಯಿತಂತೆ, ತುಂಬ ಪ್ರಸಿದ್ಧವಾದದ್ದಂತೆ. ನೋಡಲಿಲ್ಲ.

ಮತ್ತೆ ಗಾಂಧಿಬಜಾರು

ಇದನ್ನು ಬರೆದು ಅಕ್ಕನಿಗೆ ಓದಲು ಕೊಟ್ಟೆ. ಕೆಂಪು ಪೆನ್ನು ಹಿಡಿದು ಕೂತಳು. ಏಳು ಕಾಗುಣಿತ ತಿದ್ದಿದಳು. ಹಲ್ಲಿನ ವಿಷಯ ಇರಲಿ, ಊರಿಗೆಲ್ಲ ಗೊತ್ತಾದರೂ ಪರವಾಗಿಲ್ಲ, ಈಗ ನಂಗೇ ನಗು ಬರುತ್ತದೆ ಎಂದಳು. ರಾಜೇಶ್ವರಿ ಓದಿದರೆ ಎಂದು ಕೇಳಿದೆ. ಓದಲಿ, ಅವಳಿಗೆ ಒಂದು ಡಬ್ಬಿ ಚಕ್ಕುಲಿ ವಾಪಸ್ ಕೊಡೋಣ ಎಂದಳು. ದೋಣಿಯ ಭಾಗಕ್ಕೆ ಬಂದಾಗ ಅಕ್ಕ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ನಾಲ್ಕು ಸೇತುವೆಯ ಮಾತು ಅದರಲ್ಲಿ ಒಂದು ಸಾಲೂ ಇರಲಿಲ್ಲ. ಇನ್ನೊಂದು ಸಲ ಓದಿ ನೋಡಿ, ಪೆನ್ನಿನ ಕ್ಯಾಪು ಹಾಕಿದಳು.

ಆದ್ದರಿಂದ ಅವಳು ಏನಂದಳು ಅಂತ ನನ್ನನ್ನು ಕೇಳಬೇಡಿ. ಅಮ್ಮ ಇದ್ದಿದ್ದರೆ ಅವಳಂತೂ ಸೌಟು ಹಿಡಿದುಕೊಂಡೇ ಬಂದು ಕೇಳುತ್ತಿದ್ದಳು. ಅವಳಿಗೂ ಹೇಳುತ್ತಿದ್ದೆ, ತುಂಬಾ ಬೇಗ ಬೇಗ ಮಾತಾಡಿದ್ಲಮ್ಮ, ಏನೂ ಗೊತ್ತಾಗ್ಲಿಲ್ಲ ಅಂತ.